ಸಹಿ ಹಾಕಿದವರ ಋಣ



ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ನಮಗೆ ದೊಡ್ಡ ಕಾಯಿಲೆ ಬಂದರೆ ಚಿಕಿತ್ಸೆ ಊರಲ್ಲೇ ಮುಗಿಯುವುದಿಲ್ಲ. ಬೀರೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತೇವೆ, ಇಲ್ಲವೆ ಬಸ್ಸಿನಲ್ಲಿ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗುತ್ತೇವೆ. ಹಾಗೆ ಹೋದವರಲ್ಲಿ ಒಬ್ಬಿಬ್ಬರು ಔಷಧದ ಚೀಟಿಯ ಜೊತೆಗೆ ಕೆಲವು ಪುಟಗಳ ಒಂದು ಫಾರಮನ್ನೂ ತರುತ್ತಾರೆ. ಹೊಸ ಔಷಧದ ಪರೀಕ್ಷೆ ನಡೆಯುತ್ತಿದೆ, ಒಪ್ಪಿಗೆಯಿದ್ದರೆ ಸಹಿ ಹಾಕಿ ಎಂದು ಅದರಲ್ಲಿ ಬರೆದಿರುತ್ತದೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ, “ಫಾದರ್, ಇದಕ್ಕೆ ಸಹಿ ಹಾಕಬಹುದಾ? ತಪ್ಪೇನೂ ಇಲ್ಲವಲ್ಲ?” ಎಂದು ಕೇಳುತ್ತಾರೆ.

ಇದಕ್ಕೆ ಉತ್ತರ ಕಷ್ಟವಲ್ಲ. ತಪ್ಪಿಲ್ಲ. ವಿಷಯವನ್ನು ತಿಳಿದುಕೊಂಡು, ಯಾರ ಒತ್ತಾಯವೂ ಇಲ್ಲದೆ, ಮಿತಿಮೀರಿದ ಅಪಾಯವಿಲ್ಲದ ಪರೀಕ್ಷೆಗೆ ತನ್ನ ದೇಹವನ್ನು ಒಡ್ಡುವವನು ತಾನೆಂದೂ ನೋಡದ ನೆರೆಯವನಿಗೂ ಉಪಕಾರ ಮಾಡುತ್ತಾನೆ. ನಾವು ಇಂದು ನುಂಗುವ ಒಳ್ಳೆಯ ಮಾತ್ರೆಗಳ ಹಿಂದೆ ಹಾಗೆ ಒಪ್ಪಿಕೊಂಡ ಸಾವಿರಾರು ಅಪರಿಚಿತರಿದ್ದಾರೆ. ಆದರೆ ಈ ಪ್ರಶ್ನೆಗೆ ಒಂದು ಜೋಡಿ ಪ್ರಶ್ನೆಯಿದೆ. ಅದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಸಹಿ ಹಾಕಿಸಿಕೊಂಡವರ ಮೇಲೆ ಯಾವ ಋಣ ಬೀಳುತ್ತದೆ? ರೋಗಿಗೆ ತೊಂದರೆಯಾಗದಂತೆ ನೋಡಿಕೊಂಡರೆ ಆ ಋಣ ತೀರಿತೇ? ಅಥವಾ ಆ ಪರೀಕ್ಷೆಯಿಂದ ನಂಬಬಹುದಾದ ಒಂದು ಉತ್ತರ ಹೊರಬರುವಂತೆ ನಡೆಸುವುದೂ ಅದರಲ್ಲಿ ಸೇರಿದೆಯೇ?

ಸೇರಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಸಾಧಿಸಲು ದೂರ ಹೋಗಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಮಂಗನ ಕಾಯಿಲೆಯ ಕತೆ ಸಾಕು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿ ಬಂದವರಿಗೆ ಜ್ವರ, ವಿಪರೀತ ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸದೊಂದು ವೈರಸ್ಸನ್ನು ಕಂಡುಹಿಡಿದರು. ಅದನ್ನು ಹರಡುವುದು ಕಾಡಿನ ಉಣುಗು ಎಂದು ತಿಳಿಯಿತು. ರಷ್ಯಾದಲ್ಲಿ ಉಣುಗಿನಿಂದಲೇ ಬರುವ ಮಿದುಳು ಜ್ವರದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿಯೆಂದು ಕಂಡದ್ದರಿಂದ, ಆ ಜ್ವರದ ಲಸಿಕೆಯನ್ನೇ ಇಲ್ಲಿಯ ಜನರಿಗೆ ಕೊಟ್ಟು ನೋಡಿದರು. ಫಲ ಸಿಗಲಿಲ್ಲ. ಫಲ ಸಿಗಲಿಲ್ಲವೆಂಬುದನ್ನು 1962ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದನ್ನು ಗಮನಿಸಿ. ಅಂದು ತೋಳು ಒಡ್ಡಿದ ಹಳ್ಳಿಯವರಿಗೆ ರಕ್ಷಣೆ ದೊರೆಯಲಿಲ್ಲ ನಿಜ, ಆದರೆ ಅವರು ಕೊಟ್ಟದ್ದು ವ್ಯರ್ಥವಾಗಲಿಲ್ಲ. ‘ಈ ದಾರಿ ಬೇಡ’ ಎಂಬ ಸ್ಪಷ್ಟ ಉತ್ತರ ಮುಂದಿನವರಿಗೆ ಸಿಕ್ಕಿತು. ಸೋತ ಪರೀಕ್ಷೆಯನ್ನು ಬಚ್ಚಿಡದೆ ಹೇಳಿದ್ದು ಆ ವಿಜ್ಞಾನಿಗಳ ದೊಡ್ಡತನ.

ಆಮೇಲೆ ಈ ಕಾಯಿಲೆಗೆಂದೇ ಬೇರೆ ಲಸಿಕೆ ತಯಾರಾಯಿತು. 1990ರಿಂದ 1992ರವರೆಗೆ ಶಿವಮೊಗ್ಗ, ಉತ್ತರ ಕನ್ನಡ ಮತ್ತು ನಮ್ಮ ಚಿಕ್ಕಮಗಳೂರು, ಈ ಮೂರು ಜಿಲ್ಲೆಗಳ ಹಳ್ಳಿಗಳಲ್ಲಿ ಅದನ್ನು ಕೊಟ್ಟು ಪರೀಕ್ಷಿಸಿದರು. ಒಂದು ಸುತ್ತು ಹಾಕಿಸಿಕೊಂಡವರಲ್ಲಿ ನೂರಕ್ಕೆ 79ರಷ್ಟು, ಎರಡು ಸುತ್ತು ಹಾಕಿಸಿಕೊಂಡವರಲ್ಲಿ ನೂರಕ್ಕೆ 93ರಷ್ಟು ರಕ್ಷಣೆ ಸಿಕ್ಕಿತೆಂದು 1994ರಲ್ಲಿ ವರದಿಯಾಯಿತು. ಯಾರಿಗೆ ತಾನೇ ಸಂತೋಷವಾಗುವುದಿಲ್ಲ? ಸರ್ಕಾರ ವರ್ಷ ವರ್ಷವೂ ಮಲೆನಾಡಿನ ಹಳ್ಳಿಗಳಲ್ಲಿ ಆ ಲಸಿಕೆ ಹಾಕಿಸತೊಡಗಿತು.

ಆದರೆ ಆ ಲೆಕ್ಕ ಬಂದ ಬಗೆಯನ್ನು ನೋಡಬೇಕು. ಲಸಿಕೆ ಹಾಕಿಸಿಕೊಂಡವರನ್ನು, ಹಾಕಿಸಿಕೊಳ್ಳದೆ ಉಳಿದವರೊಂದಿಗೆ ಹೋಲಿಸಿ ತೆಗೆದ ಲೆಕ್ಕ ಅದು. ಹಾಕಿಸಿಕೊಂಡವರು ಯಾರು, ಉಳಿದವರು ಯಾರು? ಬೆಳಗಾಗುವ ಮೊದಲೇ ಸೊಪ್ಪಿಗೆ, ಸೌದೆಗೆ ಕಾಡು ಹೊಕ್ಕ ಹೆಣ್ಣುಮಗಳು ಆರೋಗ್ಯ ಇಲಾಖೆಯ ಜೀಪು ಬಂದಾಗ ಮನೆಯಲ್ಲಿ ಇರುತ್ತಾಳೆಯೇ? ಶಾಲೆಯ ಹತ್ತಿರ ಮನೆಯಿರುವವನು, ಕಾಡಿಗೆ ಕಾಲಿಡದವನು ಸುಲಭವಾಗಿ ಬಂದು ಚುಚ್ಚಿಸಿಕೊಂಡಿರಬಹುದು. ಅವನಿಗೆ ಕಾಯಿಲೆ ಬಾರದಿದ್ದರೆ ಅದು ಲಸಿಕೆಯ ಪುಣ್ಯವೋ, ಕಾಡಿಗೆ ಹೋಗದ ಪುಣ್ಯವೋ? ಇದಕ್ಕೆ ತಿರುಗುಮುರುಗಾಗಿಯೂ ನಡೆದಿರಬಹುದು, ಹೆಚ್ಚು ಅಪಾಯದಲ್ಲಿದ್ದವರೇ ಹೆದರಿ ಮೊದಲು ಬಂದಿರಬಹುದು. ಎರಡು ಗುಂಪುಗಳು ಒಂದೇ ತೆರನಾಗಿದ್ದವೆಂದು ಹೇಳುವ ಆಧಾರ ಮಾತ್ರ ಇಲ್ಲ.

ಮುಂದೆ 2005ರಿಂದ 2010ರವರೆಗಿನ ಅಂಕಿ ಅಂಶಗಳನ್ನು ಕಲೆಹಾಕಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಸುತ್ತಿನ ರಕ್ಷಣೆ ನೂರಕ್ಕೆ 62ಕ್ಕೆ ಇಳಿದಿತ್ತು. ಮೇಲೊಂದು ಬಲವರ್ಧಕ ಚುಚ್ಚುಮದ್ದು ಪಡೆದವರಲ್ಲಿ 83ರಷ್ಟಿತ್ತು. ಒಂದೇ ಸುತ್ತು ಪಡೆದವರಿಗೆ ಹೇಳಿಕೊಳ್ಳುವಂಥ ರಕ್ಷಣೆ ಕಾಣಲಿಲ್ಲ. ನೋವಿನ ಚುಚ್ಚುಮದ್ದು, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು, ಹಾಕಿಸಿಕೊಂಡವರಿಗೂ ಕಾಯಿಲೆ ಬಂದದ್ದನ್ನು ಜನ ಕಣ್ಣಾರೆ ಕಂಡಿದ್ದರು. ಕೊನೆಗೆ ಲಸಿಕೆಯ ಸತ್ವವೇ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ 2022ರಲ್ಲಿ ಅದನ್ನು ಕೊಡುವುದು ನಿಂತಿತು. 2024ರಲ್ಲಿ ನಮ್ಮ ಜಿಲ್ಲೆಯಲ್ಲೂ ಮಂಗನ ಕಾಯಿಲೆಯಿಂದ ಸಾವು ಸಂಭವಿಸಿದಾಗ, ಕೊಡಲು ಕೈಯಲ್ಲಿ ಲಸಿಕೆಯಿರಲಿಲ್ಲ.

ನಡುವೆ ಲಸಿಕೆಯ ಸತ್ವ ಕುಂದಿತೇ? ಅಥವಾ ಮೊದಲ ಲೆಕ್ಕವೇ ಹಿಗ್ಗಿತ್ತೇ? ಇಂದು ಇವೆರಡನ್ನು ಬೇರ್ಪಡಿಸಿ ಹೇಳುವುದು ಕಷ್ಟ. ಆರಂಭದಲ್ಲಿ ಪ್ರಶ್ನೆಯನ್ನು ಬಿಗಿಯಾಗಿ ಕೇಳದಿದ್ದುದರಿಂದ ಹೀಗಾಯಿತು. ಅಂದಿನ ವಿಜ್ಞಾನಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಜನ ಸಾಯುತ್ತಿರುವಾಗ, ಮಳೆ ಕಾಡುಗಳ ನಡುವೆ, ಕೈಲಾದುದನ್ನು ಮಾಡಿದವರು ಅವರು. ಆದರೂ ಸಾವಿರಾರು ಜನರ ತೋಳಿಗೆ ಚುಚ್ಚಿದ ಮೇಲೆ, ಮೂವತ್ತು ವರ್ಷಗಳ ನಂತರವೂ ಅನುಮಾನ ಉಳಿದಿದೆ ಎಂದರೆ ಆ ತೋಳುಗಳ ಋಣ ಪೂರ್ತಿಯಾಗಿ ತೀರಲಿಲ್ಲ ಎಂದೇ ಹೇಳಬೇಕು.

ಬಿಗಿಯಾಗಿ ಕೇಳುವುದೆಂದರೆ ಹೇಗೆ? ಇದಕ್ಕೆ ವೈದ್ಯಶಾಸ್ತ್ರ ಕಂಡುಕೊಂಡ ಉಪಾಯ ಸರಳವಾದುದು: ಚೀಟಿ ಎತ್ತುವುದು. ಯಾರಿಗೆ ಹೊಸ ಔಷಧ, ಯಾರಿಗೆ ಹಳೆಯದು ಎಂಬುದನ್ನು ವೈದ್ಯನ ಮನಸ್ಸಿಗೂ ರೋಗಿಯ ಮನಸ್ಸಿಗೂ ಬಿಡದೆ ಚೀಟಿಗೆ ಬಿಡುತ್ತಾರೆ. ಆಗ ಕಾಡಿಗೆ ಹೋಗುವವರೂ ಹೋಗದವರೂ, ಬಡವರೂ ಬಲ್ಲಿದರೂ ಎರಡು ಗುಂಪುಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ. ಉಳಿಯುವ ವ್ಯತ್ಯಾಸ ಔಷಧದ್ದೇ.

“ಕಾಯಿಲೆಯ ಮನುಷ್ಯನ ಹಣೆಬರಹವನ್ನು ಚೀಟಿಗೆ ಬಿಡುವುದೇ?” ಎಂದು ನಿಮಗೆ ಅನ್ನಿಸಬಹುದು. ಸಹಜವೇ. ಇಲ್ಲಿ ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಯೂದನ ಸ್ಥಾನಕ್ಕೆ ಒಬ್ಬನನ್ನು ಆರಿಸುವಾಗ ಪ್ರೇಷಿತರು ಚೀಟಿ ಹಾಕಿದರು. ಸಿಕ್ಕಸಿಕ್ಕವರ ಹೆಸರುಗಳನ್ನು ಬರೆದು ಹಾಕಲಿಲ್ಲ. ಯೇಸುವಿನೊಂದಿಗೆ ಮೊದಲಿನಿಂದ ಇದ್ದ, ಸಮಾನ ಯೋಗ್ಯತೆಯ ಇಬ್ಬರನ್ನು ಮೊದಲು ಗುರುತಿಸಿದರು. ಇಬ್ಬರಲ್ಲಿ ಯಾರು ಹೆಚ್ಚು ಎಂದು ಮನುಷ್ಯಬುದ್ಧಿಗೆ ಹೇಳಲಾಗದ ಕಡೆ ಮಾತ್ರ ಚೀಟಿ ಬಂತು, ಮತ್ತೀಯನ ಹೆಸರು ಬಂತು. ಔಷಧದ ಪರೀಕ್ಷೆಯ ನೀತಿಯೂ ಇದೇ. ಎರಡು ಚಿಕಿತ್ಸೆಗಳಲ್ಲಿ ಯಾವುದು ಉತ್ತಮ ಎಂದು ತಿಳಿದಮೇಲೂ ಚೀಟಿ ಎತ್ತಿದರೆ ಅದು ಅನ್ಯಾಯ. ನಿಜವಾಗಿಯೂ ಯಾರಿಗೂ ತಿಳಿಯದಿರುವಾಗ ಎತ್ತಿದರೆ ಅದು ಪ್ರಾಮಾಣಿಕತೆ. ತಿಳಿಯದಿದ್ದರೂ ತಿಳಿದವರಂತೆ ಬರೆದುಕೊಡುವ ವೈದ್ಯನಿಗಿಂತ ‘ನನಗೆ ಗೊತ್ತಿಲ್ಲ, ಕೂಡಿ ತಿಳಿಯೋಣ’ ಎನ್ನುವ ವೈದ್ಯ ರೋಗಿಯನ್ನು ಹೆಚ್ಚು ಗೌರವಿಸುತ್ತಾನೆ.

ಕೂಡಿ ತಿಳಿಯುವುದು ಎಂದೆ. ಇಡೀ ವಿಷಯದ ತಿರುಳು ಇರುವುದು ಅಲ್ಲೇ. ಒಂದು ಆಸ್ಪತ್ರೆಯಲ್ಲಿ ನಲವತ್ತು ಜನರ ಮೇಲೆ, ಇನ್ನೊಂದರಲ್ಲಿ ಅರವತ್ತು ಜನರ ಮೇಲೆ, ಒಬ್ಬೊಬ್ಬ ಪ್ರಾಧ್ಯಾಪಕರು ತಮ್ಮ ತಮ್ಮ ಹೆಸರಿಗೆ ಒಂದೊಂದು ಸಣ್ಣ ಪರೀಕ್ಷೆ ನಡೆಸಿದರೆ ಯಾವುದರಿಂದಲೂ ಗಟ್ಟಿ ಉತ್ತರ ಬರುವುದಿಲ್ಲ. ಸಣ್ಣ ಸಂಖ್ಯೆಯಲ್ಲಿ ಅದೃಷ್ಟದ ಆಟವೇ ಹೆಚ್ಚು. ಪ್ರಬಂಧ ಅಚ್ಚಾಗುತ್ತದೆ, ಬಡ್ತಿ ಸಿಗುತ್ತದೆ, ರೋಗಿಗೆ ಮಾತ್ರ ಏನೂ ತಿಳಿಯುವುದಿಲ್ಲ.

ಇದಕ್ಕೆ ಬೇರೆ ದಾರಿ ತೋರಿಸಿದವರಲ್ಲಿ ಒಬ್ಬರು ನಮ್ಮ ಕಥೋಲಿಕ ಸಂಸ್ಥೆಯೊಂದರಲ್ಲಿ ಓದಿದವರು ಎಂಬುದು ನಮಗೆ ಹೆಮ್ಮೆಯ ವಿಷಯ. ಭಾರತದ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ಡಾಕ್ಟರ್ ಸಲೀಂ ಯೂಸುಫ್, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ರಿಚರ್ಡ್ ಪೀಟೊ, ರೋರಿ ಕಾಲಿನ್ಸ್ ಅವರ ಜೊತೆಗೂಡಿ 1984ರಲ್ಲಿ ಒಂದು ಲೇಖನ ಬರೆದರು. ನೂರಾರು ಆಸ್ಪತ್ರೆಗಳು ಸೇರಿ, ಒಂದೇ ಮುಖ್ಯ ಪ್ರಶ್ನೆಯನ್ನು, ಸಾವಿರಾರು ರೋಗಿಗಳಲ್ಲಿ, ಆದಷ್ಟು ಕಡಿಮೆ ಕಾಗದಪತ್ರದಲ್ಲಿ ಕೇಳಬೇಕು ಎಂಬುದು ಅವರ ವಾದ. ಆ ಗುಂಪು ಅದನ್ನು ಮಾಡಿಯೂ ತೋರಿಸಿತು. 1988ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 16 ದೇಶಗಳ 417 ಆಸ್ಪತ್ರೆಗಳು 17,187 ಹೃದಯಾಘಾತದ ರೋಗಿಗಳನ್ನು ಸೇರಿಸಿಕೊಂಡವು. ಹೃದಯಾಘಾತವಾದೊಡನೆ ಕೊಡುವ ಆಸ್ಪಿರಿನ್, ಸಾವನ್ನು ಹೆಚ್ಚುಕಡಿಮೆ ಕಾಲುಭಾಗದಷ್ಟು ತಗ್ಗಿಸುತ್ತದೆಂದು ಅದರಿಂದ ತಿಳಿಯಿತು. ಇಂದು ಎದೆನೋವೆಂದು ಕಡೂರಿನ ಸರ್ಕಾರಿ ಆಸ್ಪತ್ರೆಗೆ ಓಡಿದವರ ಬಾಯಿಗೆ ಮೊದಲು ಬೀಳುವ ಆ ಅಗ್ಗದ ಮಾತ್ರೆಯ ಹಿಂದೆ ಇಷ್ಟು ಜನರ ಕೂಡಾಟವಿದೆ.

ಸೇಂಟ್ ಜಾನ್ಸ್ ಕಾಲೇಜೂ ಸುಮ್ಮನೆ ಕೂರಲಿಲ್ಲ. ರಕ್ತದೊತ್ತಡ ಮತ್ತು ಕೊಬ್ಬು ಇಳಿಸುವ ಔಷಧಗಳನ್ನೂ ಆಸ್ಪಿರಿನ್ನನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ ಕೊಟ್ಟರೆ ಹೇಗೆ ಎಂಬ ಪ್ರಶ್ನೆಯನ್ನು ಭಾರತದ 50 ಕೇಂದ್ರಗಳಲ್ಲಿ 2,053 ಜನರ ಒಪ್ಪಿಗೆ ಪಡೆದು ಕೇಳಿದರು. 2009ರಲ್ಲಿ ಅದರ ವರದಿ ಬಂತು. ಅದೇ ಸಾಲಿನ ಇನ್ನೊಂದು ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 5,713 ಜನ ಪಾಲ್ಗೊಂಡರು, ಅದರ ಫಲಿತಾಂಶ 2020ರಲ್ಲಿ ಬಂತು. ದಿನಕ್ಕೆ ನಾಲ್ಕು ಮಾತ್ರೆ ಕೊಳ್ಳಲಾಗದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿಲ್ಲ? ಇದು ಬಡವರ ಪ್ರಶ್ನೆಯೇ ಆಗಿತ್ತು, ಬಡ ದೇಶದಲ್ಲೇ ಕೇಳಲಾಯಿತು. ಹೀಗಾಗುವುದು ಅಪರೂಪ.

ಇನ್ನೊಂದು ನೆನಪು ನಿಮಗೆಲ್ಲ ಹಸಿಯಾಗಿಯೇ ಇದೆ. 2020 ಮತ್ತು 2021ರ ಕೋವಿಡ್ ದಿನಗಳು. “ಪ್ಲಾಸ್ಮಾ ಬೇಕಾಗಿದೆ, ತುರ್ತು” ಎಂದು ಮೊಬೈಲುಗಳಲ್ಲಿ ಎಷ್ಟೊಂದು ಸಂದೇಶಗಳು! ಕೋವಿಡ್ಡಿನಿಂದ ಗುಣವಾದವರನ್ನು ಹುಡುಕಿಕೊಂಡು, ಸಾಲ ಮಾಡಿಕೊಂಡು ಮನೆಯವರು ಅಲೆದರು. ಅದೇ ಹೊತ್ತಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 39 ಆಸ್ಪತ್ರೆಗಳನ್ನು ಒಂದುಗೂಡಿಸಿ, 464 ರೋಗಿಗಳಲ್ಲಿ ಚೀಟಿ ಎತ್ತಿ ಪರೀಕ್ಷೆ ನಡೆಸಿತು. ಪ್ಲಾಸ್ಮಾದಿಂದ ಸಾವು ತಗ್ಗಲಿಲ್ಲ, ಕಾಯಿಲೆ ಉಲ್ಬಣಿಸುವುದೂ ನಿಲ್ಲಲಿಲ್ಲ ಎಂದು 2020ರ ಅಕ್ಟೋಬರಿನಲ್ಲಿ ವರದಿ ಪ್ರಕಟವಾಯಿತು. ಕೆಲವೇ ತಿಂಗಳಲ್ಲಿ, ಅಷ್ಟು ಗದ್ದಲದ ನಡುವೆ ಇದನ್ನು ಸಾಧಿಸಿದ್ದು ಸಣ್ಣ ಕೆಲಸವಲ್ಲ. ಆದರೂ ಸರ್ಕಾರಿ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ತೆಗೆದುಹಾಕಿದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆ ಅನೇಕ ಮನೆಗಳನ್ನು ಬರಿದು ಮಾಡಿದ ಮೇಲೆ. ಉತ್ತರ ಸಿಕ್ಕಿದರೆ ಸಾಲದು, ಸಿಕ್ಕ ಉತ್ತರಕ್ಕೆ ಕಿವಿಗೊಡುವ ಏರ್ಪಾಡೂ ಬೇಕು. 2020ರಲ್ಲಿ ಬ್ರಿಟನ್ನಿನಲ್ಲಿ ನೂರಾರು ಸರ್ಕಾರಿ ಆಸ್ಪತ್ರೆಗಳು ಒಂದಾಗಿ, ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರನೇ ಒಂದು ಪಾಲು ತಗ್ಗಿಸುತ್ತದೆಂದು ಜೂನ್ ತಿಂಗಳಿಗೇ ಕಂಡುಕೊಂಡವು. ನಮ್ಮ ಆಸ್ಪತ್ರೆಗಳಲ್ಲೂ ಆ ಔಷಧ ಎಷ್ಟೋ ಜನರನ್ನು ಉಳಿಸಿತು. ಅಲ್ಲಿ ಸಹಿ ಹಾಕಿದ ಯಾರೋ ಇಲ್ಲಿಯ ನಮ್ಮವರನ್ನು ಉಳಿಸಿದರು.

ಈಗ ಧರ್ಮಸಭೆಯ ಬೋಧನೆಗೆ ಬರೋಣ. ನಾಜಿ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಕ್ರೌರ್ಯಗಳು ನ್ಯೂರೆಂಬರ್ಗಿನಲ್ಲಿ ವಿಚಾರಣೆಗೆ ಬಂದು, 1947ರಲ್ಲಿ ಒಪ್ಪಿಗೆಯ ನಿಯಮ ರೂಪುಗೊಂಡಿತು. ಆ ಹಿನ್ನೆಲೆಯಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ 1952ರ ಸೆಪ್ಟೆಂಬರಿನಲ್ಲಿ ವೈದ್ಯರ ಸಮ್ಮೇಳನವೊಂದನ್ನು ಉದ್ದೇಶಿಸಿ ಮಾತನಾಡಿದರು. ವಿಜ್ಞಾನದ ಹಿತ, ರೋಗಿಯ ಹಿತ, ಸಮಾಜದ ಹಿತ, ಈ ಮೂರರಲ್ಲಿ ಯಾವುದೂ ತಾನೇ ತಾನಾಗಿ ಎಲ್ಲವನ್ನೂ ಸಮರ್ಥಿಸಲಾರದು ಎಂಬುದು ಅವರ ನಿಲುವು. ಕೈ ಕಾಲು ದೇಹಕ್ಕೆ ಸೇರಿದ ಹಾಗೆ ಮನುಷ್ಯನು ಸಮಾಜಕ್ಕೆ ಸೇರಿದವನಲ್ಲ, ಆದ್ದರಿಂದ ಸಮಾಜಕ್ಕಾಗಿ ಅವನನ್ನು ಕತ್ತರಿಸಿ ಬಿಸಾಡಲಾಗದು ಎಂದು ಅವರು ವಾದಿಸಿದರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 2295ನೇ ಪರಿಚ್ಛೇದದಲ್ಲಿ, ರೋಗಿ ಒಪ್ಪಿದ ಮಾತ್ರಕ್ಕೆ ಅನೈತಿಕ ಪ್ರಯೋಗ ನೈತಿಕವಾಗುವುದಿಲ್ಲ ಎಂದು ತಿಳಿಸುತ್ತದೆ.

ಇದನ್ನೇ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕೆಂದು ನನಗನ್ನಿಸುತ್ತದೆ. ಒಪ್ಪಿಗೆಯೊಂದೇ ಸಾಲದು ಎಂದಾದರೆ, ಉತ್ತರವೇ ಬಾರದಂತೆ ರೂಪಿಸಿದ ಪರೀಕ್ಷೆಗೆ ಒಪ್ಪಿಗೆ ಪಡೆಯುವುದೂ ತಪ್ಪೇ. ‘ನಿಮ್ಮಿಂದ ಮುಂದಿನವರಿಗೆ ಉಪಕಾರವಾಗುತ್ತದೆ’ ಎಂದು ಹೇಳಿ ಸಹಿ ಪಡೆದಿರುತ್ತಾರೆ. ಉಪಕಾರವಾಗುವ ದಾರಿಯನ್ನೇ ಇಡದಿದ್ದರೆ ಅದು ಮಾತು ಕೊಟ್ಟು ತಪ್ಪಿದಂತೆ. ಫಲಿತಾಂಶ ತಮಗೆ ಅನುಕೂಲವಾಗಿಲ್ಲವೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಕಾಣಿಕೆ ಡಬ್ಬಿಯ ಹಣವನ್ನು ಜೇಬಿಗಿಳಿಸಿದಂತೆಯೇ. ರೋಗಿ ಕೊಟ್ಟದ್ದು ಕಂಪನಿಗಲ್ಲ, ಪ್ರಾಧ್ಯಾಪಕರಿಗೂ ಅಲ್ಲ, ಅದೇ ಕಾಯಿಲೆಯ ಮುಂದಿನ ರೋಗಿಗೆ.

“ಬಡವರನ್ನು ಪ್ರಯೋಗದ ಪಶು ಮಾಡುತ್ತಾರೆ” ಎಂಬ ಮಾತಿಗೆ ಆಧಾರವಿಲ್ಲದಿಲ್ಲ. 2009-10ರಲ್ಲಿ ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಹೆಣ್ಣುಮಕ್ಕಳಿಗೆ ಹಾಕುವಾಗ, ಎಷ್ಟೋ ಕಡೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್ನರು ಸಹಿ ಹಾಕಿದ್ದನ್ನು ಸಂಸದೀಯ ಸಮಿತಿ 2013ರಲ್ಲಿ ಖಂಡಿಸಿತು. ಲಸಿಕೆ ಒಳ್ಳೆಯದೇ, ನಿಮ್ಮ ಹೆಣ್ಣುಮಕ್ಕಳಿಗೆ ವೈದ್ಯರನ್ನು ಕೇಳಿ ಹಾಕಿಸಿ. ಕೆಟ್ಟದ್ದು ಕೇಳಿದ ರೀತಿ. ಆ ಹಗರಣ, ಸುಪ್ರೀಂ ಕೋರ್ಟಿನ ಮೊಕದ್ದಮೆ, ಇವುಗಳ ನಂತರ ಕೆಲಕಾಲ ದೇಶದಲ್ಲಿ ಹೊಸ ಪರೀಕ್ಷೆಗಳೇ ಕಡಿಮೆಯಾದವು. ಅದೂ ಪರಿಹಾರವಲ್ಲ. ಪರೀಕ್ಷೆಯಿಲ್ಲದ ಔಷಧ ಕೊಡುವುದೂ ಪ್ರಯೋಗವೇ, ಲೆಕ್ಕ ಇಡದ ಪ್ರಯೋಗ ಅಷ್ಟೇ.

ಕಾನೂನು ಸುಧಾರಿಸಿದೆ. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ 2007ರಲ್ಲಿ ಆರಂಭವಾಯಿತು, 2009ರಿಂದ ನೋಂದಣಿ ಕಡ್ಡಾಯವಾಯಿತು. ಯಾರು ಬೇಕಾದರೂ ಮೊಬೈಲಿನಲ್ಲೇ ಅದನ್ನು ನೋಡಬಹುದು. 2019ರ ಹೊಸ ನಿಯಮಗಳು ಹಾನಿಯಾದರೆ ಪರಿಹಾರ ಕೊಡಬೇಕೆನ್ನುತ್ತವೆ. ಪ್ರತಿ ಪರೀಕ್ಷೆಯನ್ನೂ ಒಂದು ನೀತಿ ಸಮಿತಿ ಒಪ್ಪಬೇಕು, ಅದರಲ್ಲಿ ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರು ಇರಲೇಬೇಕು. ಆ ಸಮಿತಿಯಲ್ಲಿ ಸಮಾಜಶಾಸ್ತ್ರಜ್ಞ, ತತ್ವಶಾಸ್ತ್ರಜ್ಞ ಇಲ್ಲವೆ ದೈವಶಾಸ್ತ್ರಜ್ಞನಿಗೂ ಕಾನೂನು ಒಂದು ಕುರ್ಚಿ ಇಟ್ಟಿದೆ! ಸೆಮಿನರಿಯಲ್ಲಿ ಓದಿದ ತತ್ವಶಾಸ್ತ್ರ ಎಲ್ಲಿಗೆ ಉಪಯೋಗ ಎಂದು ನಗುವವರಿಗೆ ಈ ಮಾತನ್ನು ಹೇಳಿ. ಆದರೆ ಆ ಕುರ್ಚಿಯಲ್ಲಿ ಕುಳಿತವರು ಒಪ್ಪಿಗೆ ಪತ್ರದ ಭಾಷೆಯನ್ನು ತಿದ್ದುವುದರಲ್ಲೇ ಹೊತ್ತು ಕಳೆಯಬಾರದು. ಈ ಪ್ರಶ್ನೆಗೆ ಈಗಾಗಲೇ ಉತ್ತರವಿದೆಯೇ, ಇಷ್ಟು ಜನರಿಂದ ಉತ್ತರ ಬರುತ್ತದೆಯೇ, ಇದೇ ಪ್ರಶ್ನೆಯನ್ನು ಪಕ್ಕದ ಊರಿನ ಆಸ್ಪತ್ರೆಯೂ ಕೇಳುತ್ತಿದ್ದರೆ ಇಬ್ಬರೂ ಏಕೆ ಸೇರಬಾರದು ಎಂದು ಗಟ್ಟಿಯಾಗಿ ಕೇಳಬೇಕು. 2022ರಲ್ಲಿ ವಿಶ್ವ ಆರೋಗ್ಯ ಸಮ್ಮೇಳನವೂ ದೇಶಗಳು ಪರೀಕ್ಷೆಗಳ ಗುಣಮಟ್ಟವನ್ನೂ ಪರಸ್ಪರ ಹೊಂದಾಣಿಕೆಯನ್ನೂ ಹೆಚ್ಚಿಸಬೇಕೆಂದು ನಿರ್ಣಯ ಮಾಡಿತು. ನಿರ್ಣಯ ಕಾಗದದಲ್ಲಿದೆ. ಕೇಳುವ ಬಾಯಿ ಸಮಿತಿಯಲ್ಲಿರಬೇಕು, ರೋಗಿಯ ಮನೆಯಲ್ಲೂ ಇರಬೇಕು. ಫಾರಂ ಕೈಗೆ ಬಂದಾಗ ನೋಂದಣಿ ಸಂಖ್ಯೆಯನ್ನು ಕೇಳಿ, ಎಷ್ಟು ಆಸ್ಪತ್ರೆಗಳು ಸೇರಿವೆಯೆಂದು ಕೇಳಿ, ಮುಗಿದ ಮೇಲೆ ಫಲಿತಾಂಶವನ್ನು ಕನ್ನಡದಲ್ಲಿ ತಿಳಿಸುತ್ತೀರಾ ಎಂದು ಕೇಳಿ. ಇದು ಉದ್ಧಟತನವಲ್ಲ.

ಯಾರನ್ನು ಮೊದಲು ಕೇಳಬೇಕು ಎಂಬುದೂ ಒಂದು ಪ್ರಶ್ನೆಯೇ. ತತ್ವಜ್ಞಾನಿ ಹಾನ್ಸ್ ಯೋನಾಸ್ 1969ರಲ್ಲಿ ಬರೆದ ಪ್ರಬಂಧದಲ್ಲಿ, ಪರೀಕ್ಷೆಯ ಉದ್ದೇಶವನ್ನು ಚೆನ್ನಾಗಿ ಅರಿತವರನ್ನೇ, ಅಂದರೆ ಸಂಶೋಧಕರನ್ನೇ ಮೊದಲು ಕೇಳಬೇಕು, ಅಸಹಾಯಕರನ್ನು ಕೊನೆಗೆ ಎಂದು ವಾದಿಸಿದ್ದಾರೆ. ನಮ್ಮಲ್ಲಿ ಬಹುಮಟ್ಟಿಗೆ ತಲೆಕೆಳಗು. ಜನರಲ್ ವಾರ್ಡಿನಲ್ಲಿ ಫಾರಂ ಬರುತ್ತದೆ, ವಿಶೇಷ ವಾರ್ಡಿಗೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಕಾಯಿಲೆ ಎಲ್ಲರದ್ದಾದರೆ ಭಾರವೂ ಎಲ್ಲರದ್ದಾಗಬೇಕು. ನಮ್ಮ ಧರ್ಮಕೇಂದ್ರಗಳ ಓದಿದವರು, ಅನುಕೂಲಸ್ಥರು ಇದನ್ನು ಯೋಚಿಸಬೇಕು.

ಮಂಗನ ಕಾಯಿಲೆಗೆ ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯ ಜೊತೆಗೂಡಿ ಕೈಗೊಂಡಿದೆ. ಅದು ನಿಜಕ್ಕೂ ಕಾಯುತ್ತದೆಯೇ ಎಂದು ತಿಳಿಯಬೇಕಾದರೆ ಕಾಯಿಲೆ ಇರುವ ಕಡೆಯ ಜನರನ್ನೇ ಕೇಳಬೇಕು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಾಡಂಚಿನ ಮನೆಗಳ ಬಾಗಿಲಿಗೆ ಮತ್ತೆ ಜೀಪು ಬರುತ್ತದೆ. ನಮ್ಮ ಬಯಲುಸೀಮೆಯಿಂದ ಮಲೆನಾಡಿನ ತೋಟಗಳಿಗೆ ಕೂಲಿಗೆ ಹೋಗುವವರನ್ನೂ ಕೇಳಬಹುದು. 1990ರಲ್ಲಿ ತೋಳು ಒಡ್ಡಿದವರಲ್ಲಿ ಕೆಲವರು ಆ ಮನೆಗಳ ಜಗಲಿಯ ಮೇಲೆ ಇನ್ನೂ ಕುಳಿತಿದ್ದಾರೆ. ಹಿಂದಿನ ಲಸಿಕೆ ಏನಾಯಿತು, ಅದರಿಂದ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂಬುದನ್ನು ಮೊದಲು ಅವರಿಗೆ ಕೂತು ಹೇಳಿ, ಆಮೇಲೆ ಅವರ ಮೊಮ್ಮಕ್ಕಳ ಒಪ್ಪಿಗೆ ಕೇಳಲಿ.